ಹೋರಿಯ ಜೂಲ, ಹುಡುಗನ ಜಾಕೀಟು

ದೀಪಾವಳಿಯೊಡನೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬ ಮೊದಲಾಗುತ್ತದೆ. ಕೊಬ್ಬರಿ ಹಾರ, ಬಲೂನು, ಗೆಜ್ಜೆಸರಗಳೆಲ್ಲ ಇದ್ದರೂ ನಮ್ಮ ಕಣ್ಣು ಹೋಗುವುದು ಜೂಲದ ಮೇಲೆಯೇ. ಮಖಮಲ್ಲಿಗೆ ಝರಿ, ಕನ್ನಡಿ ಚೂರು, ನಡುವೆ ಹೋರಿಯ ಹೆಸರು! ಅದಕ್ಕೆ ಹಣ ಸುರಿಯಲು ಯಾವ ತಂದೆಗೂ ಬೇಸರವಿಲ್ಲ. ಮಗನು ತನ್ನ ಜೀನ್ಸ್ ಜಾಕೀಟಿಗೆ ತೇಪೆ, ಪಿನ್ನು, ಲೋಹದ ಗುಂಡಿ ಹಚ್ಚಿಕೊಂಡರೆ ಮಾತ್ರ ಮನೆತನದ ಮಾನ ನೆನಪಾಗುತ್ತದೆ.

ಬ್ಯಾಡಗಿಯ ಮನೆಯೊಂದರಲ್ಲಿ ಇಂಥ ಜಾಕೀಟು ಒಲೆಯ ಬಾಯಿಯವರೆಗೂ ಹೋಗಿತ್ತು. ತಾಯಿ ಕಸಿದುಕೊಂಡು, ಹರಿದ ತೋಳಿಗೆ ಹಳೆಯ ಕೌದಿಯ ತುಂಡು ಹಚ್ಚಿಕೊಟ್ಟರು. ಮಗನು ಆಮೇಲೆ ಹತ್ತು ದಿನ ತಂದೆಯೊಡನೆ ಮಾತನಾಡಲಿಲ್ಲವಂತೆ.

1970ರ ದಶಕದಲ್ಲಿ ಲಂಡನ್ನಿನ ಪಂಕ್ ಯುವಕರು ಬಳಕೆಗೆ ತಂದ ಈ ಉಡುಗೆಯಲ್ಲಿ ಸಿಟ್ಟಿದೆ, ನಿಜ, ಕೈಗೆಲಸವೂ ಇದೆ. 12ನೆಯ ಶತಮಾನದ ಸೂಜಿಕಾಯಕದ ರಾಮಿತಂದೆಯನ್ನು ಶರಣನೆಂದು ನೆನೆಯುವ ನಾವು ಸೂಜಿ ಹಿಡಿದ ಹುಡುಗನನ್ನು ಹಳಿಯುವುದೆಂತು?

ಜೂಲವನ್ನು ಕಾಯ್ದಿಡುವ ಬಗೆಯೇ ಜಾಕೀಟಿಗೂ ಸಲ್ಲುತ್ತದೆ. ಬೆವರು ಆರುವ ಮುನ್ನ ಮಡಚಬಾರದು. ಹಿಂಡದೆ, ಒಳಮಗ್ಗುಲು ಹೊರಗೆ ಮಾಡಿ ನೆರಳಿನಲ್ಲಿ ಹರವಬೇಕು. ಲೋಹಕ್ಕೆ ತೇವ ನಿಂತರೆ ತುಕ್ಕಿನ ಕಲೆ ಬಟ್ಟೆಗಿಳಿಯುತ್ತದೆ. ಮಡಿಕೆಗಳಲ್ಲಿ ಒಣ ಬೇವಿನೆಲೆ ಇಡಬೇಕು. ಸಡಿಲಾದ ತೇಪೆಯನ್ನು ಅಂದೇ ಹೊಲಿಯಬೇಕು. ದಾರ ಪೋಣಿಸಲು ತಂದೆಯೂ ಕೂರಬಹುದು.