ಬೆವರು ಆರದ ಊರಿನಲ್ಲಿ ಎರಡು ದಿನ

ಆಗಸ್ಟ್ ತಿಂಗಳ ಒಂದು ರಾತ್ರಿ. ದುಬೈ ವಿಮಾನ ನಿಲ್ದಾಣದ ಗಾಜಿನ ಬಾಗಿಲು ತಾನಾಗಿಯೇ ಸರಿಯುತ್ತದೆ. ಪೆಟ್ಟಿಗೆ ಎಳೆದುಕೊಂಡು ಹೊರಗೆ ಕಾಲಿಟ್ಟ ಪ್ರವಾಸಿಗೆ ಥಳಥಳಿಸುವ ನಗರ ಕಾಣಿಸಬೇಕಿತ್ತು. ಕಾಣಿಸುವುದು ಬರೀ ಬಿಳಿಯ ಮಬ್ಬು. ಕನ್ನಡಕದ ಗಾಜು ಮಂಜಾಗಿರುತ್ತದೆ! ಒರೆಸಿದರೆ ಮತ್ತೆ ಮಬ್ಬು. ಒಳಗಿನ ತಂಪಿನಲ್ಲಿ ತಣ್ಣಗಾಗಿದ್ದ ಗಾಜಿನ ಮೇಲೆ ಹೊರಗಿನ ಬಿಸಿಗಾಳಿಯ ನೀರಾವಿ ಹನಿಗಟ್ಟುತ್ತಿರುತ್ತದೆ.

ಮರಳುಗಾಡೆಂದರೆ ಒಣಹವೆ ಎಂದು ಭೂಗೋಳದ ಪಾಠದಲ್ಲಿ ಓದಿದ ಮಕ್ಕಳಿಗೆ ಇದು ಮೊದಲ ಅಚ್ಚರಿ. ದುಬೈನ ಬೆನ್ನಿಗೆ ಮರುಭೂಮಿ, ಎದುರಿಗೆ ಕೊಲ್ಲಿಯ ಕಡಲು. ಬೇಸಿಗೆಯ ಹಗಲಿನಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬೆಚ್ಚಗಿನ ಸಮುದ್ರದಿಂದ ಎದ್ದ ಆವಿ ಗಾಳಿಯಲ್ಲಿ ತುಂಬಿಕೊಂಡಿರುತ್ತದೆ. ಆದರೆ ಮಳೆ ಬೀಳುವುದು ವರ್ಷಕ್ಕೆ 100 ಮಿಲಿಮೀಟರಿನ ಆಸುಪಾಸು. ಹರಿಯುವ ನದಿ ಒಂದೂ ಇಲ್ಲ.

ಯುರೋಪಿಗೋ ಅಮೆರಿಕಕ್ಕೋ ಹೊರಟವರು ವಿಮಾನ ಬದಲಿಸುವ ನೆಪದಲ್ಲಿ ಇಲ್ಲಿ ಒಂದೆರಡು ದಿನ ಇಳಿದುಕೊಳ್ಳುವುದು ಈಗ ರೂಢಿಯಾಗಿದೆ. ಎರಡು ದಿನದ ರಾಜಭೋಗ ಎಂದರೂ ತಪ್ಪಿಲ್ಲ. ಆ ಭೋಗದ ಹಿಂದೆ ಕೆಲಸ ಮಾಡುವ ನಿಯಮ ಮಾತ್ರ ಹೈಸ್ಕೂಲಿನ ಭೌತಶಾಸ್ತ್ರದ್ದೇ. ನೀರು ಆವಿಯಾಗಬೇಕಾದರೆ ಶಾಖ ಹೀರುತ್ತದೆ. ಆವಿ ಮತ್ತೆ ನೀರಾಗುವಾಗ ಆ ಶಾಖವನ್ನು ಬಿಟ್ಟುಕೊಡುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯಾಗುವ ಈ ಗುಪ್ತೋಷ್ಣವೇ ಇಲ್ಲಿ ಒಂದು ಮಹಾನಗರದ ಖರ್ಚುವೆಚ್ಚದ ಲೆಕ್ಕ ಬರೆಯುತ್ತದೆ.

ತೊಟ್ಟಿಯ ತುಂಬ ಕಡಲು

ಹೋಟೆಲಿನ ಕೋಣೆಗೆ ಬಂದವರು ಮೊದಲು ಮಾಡುವ ಕೆಲಸ ಸ್ನಾನ. ಅಮೃತಶಿಲೆಯ ತೊಟ್ಟಿ, ನಲ್ಲಿ ತಿರುಗಿಸಿದರೆ ಬೇಕಾದಷ್ಟು ನೀರು. ಒಂದು ತೊಟ್ಟಿ ತುಂಬಲು ಸುಮಾರು 150 ಲೀಟರ್ ಬೇಕು. ಇದು ಯಾವ ಹೊಳೆಯ ನೀರೂ ಅಲ್ಲ, ಕೆಲವೇ ದಿನಗಳ ಹಿಂದೆ ಕಡಲಾಗಿದ್ದ ನೀರು.

ಜಗತ್ತಿನ ಸಾಗರಗಳ ಒಂದು ಲೀಟರ್ ನೀರಿನಲ್ಲಿ ಸರಾಸರಿ 35 ಗ್ರಾಂ ಲವಣವಿದ್ದರೆ, ಬಿಸಿಲಿಗೆ ಸದಾ ಆವಿಯಾಗುವ ಈ ಕೊಲ್ಲಿಯಲ್ಲಿ ಸುಮಾರು 40 ಗ್ರಾಂ ಇದೆ. ಇದನ್ನು ಸಿಹಿಯಾಗಿಸುವ ಹಳೆಯ ದಾರಿ ಭಟ್ಟಿ ಇಳಿಸುವುದು. ಕುದಿಯುವ ಒಂದು ಗ್ರಾಂ ನೀರನ್ನು ಆವಿಯಾಗಿಸಲು ಸುಮಾರು 540 ಕ್ಯಾಲೊರಿ ಶಾಖ ಬೇಕು. ಈ ಲೆಕ್ಕದಲ್ಲಿ ಒಂದು ತೊಟ್ಟಿ ನೀರನ್ನು ಬರಿದೇ ಕುದಿಸಿ ಆವಿ ಮಾಡಹೊರಟರೆ 90 ಯೂನಿಟ್‌ಗೂ ಹೆಚ್ಚು ವಿದ್ಯುತ್ ಬೇಕಾದೀತು. ಒಂದು ಸಾಧಾರಣ ಮನೆಯ ತಿಂಗಳ ಬಿಲ್ಲು ಒಂದೇ ಸ್ನಾನಕ್ಕೆ!

ಎಂಜಿನಿಯರುಗಳು ಇದಕ್ಕೆ ಜಾಣ ಉಪಾಯ ಹುಡುಕಿದರು. ಬಿಸಿ ಮಾಡಿದ ಸಮುದ್ರದ ನೀರನ್ನು ಕಡಿಮೆ ಒತ್ತಡದ ಕೋಣೆಗಳ ಸಾಲಿನೊಳಗೆ ಹಾಯಿಸುತ್ತಾರೆ. ಒತ್ತಡ ಇಳಿದಂತೆ ಕುದಿಯುವ ಬಿಂದುವೂ ಇಳಿಯುವುದರಿಂದ ಪ್ರತಿ ಕೋಣೆಯಲ್ಲೂ ಒಂದಿಷ್ಟು ನೀರು ತಟ್ಟನೆ ಆವಿಯಾಗುತ್ತದೆ. ಆ ಆವಿ ತಣಿದು ಸಿಹಿನೀರಾಗುವಾಗ ಬಿಟ್ಟ ಶಾಖ ವ್ಯರ್ಥವಾಗುವುದಿಲ್ಲ. ಹೊಸದಾಗಿ ಒಳಬರುವ ಉಪ್ಪುನೀರನ್ನು ಬಿಸಿ ಮಾಡುತ್ತದೆ. ಜೆಬೆಲ್ ಅಲಿಯ ಕಡಲಂಚಿನಲ್ಲಿ ವಿದ್ಯುತ್ ಸ್ಥಾವರ ಮತ್ತು ನೀರಿನ ಸ್ಥಾವರ ಒಟ್ಟಿಗೇ ಇರುವುದು ಇದೇ ಕಾರಣಕ್ಕೆ. ಒಂದರ ಉಳಿಕೆ ಶಾಖ ಇನ್ನೊಂದರ ಒಲೆ.

ಈಚಿನ ಸ್ಥಾವರಗಳು ಕುದಿಸುವ ಗೋಜಿಗೇ ಹೋಗುವುದಿಲ್ಲ. ಅಡುಗೆಮನೆಗಳಲ್ಲಿ ಕಾಣುವ ಆರ್.ಓ. ಯಂತ್ರದ ತತ್ತ್ವದಂತೆ, ಭಾರೀ ಒತ್ತಡದಲ್ಲಿ ನೀರನ್ನು ತೆಳುವಾದ ಪೊರೆಯ ಮೂಲಕ ಹಾಯಿಸಿ ಉಪ್ಪನ್ನು ಹಿಂದೆ ಬಿಡುತ್ತವೆ. ಸಾವಿರ ಲೀಟರಿಗೆ 3ರಿಂದ 4 ಯೂನಿಟ್ ವಿದ್ಯುತ್ ಸಾಕು. ಒಂದು ತೊಟ್ಟಿಗೆ ಅರ್ಧ ಯೂನಿಟ್. ಗುಪ್ತೋಷ್ಣವನ್ನು ತಪ್ಪಿಸಿಕೊಂಡದ್ದರ ಲಾಭ ಇಷ್ಟು. ಆದರೂ ಉಳಿದ ಗಟ್ಟಿ ಉಪ್ಪುನೀರು ಮರಳುವುದು ಸರಾಸರಿ 35 ಮೀಟರ್ ಆಳದ ಆ ಕೊಲ್ಲಿಗೇ. ಅಲ್ಲಿನ ಮೀನು, ಹವಳ ಅದನ್ನು ತಾಳಿಕೊಳ್ಳಬೇಕು.

ಆಕಾಶದ ಅಂತಸ್ತು, ಮಾಲಿನೊಳಗಿನ ಹಿಮ

ಮರುದಿನದ ಮೊದಲ ನೋಟ ಬುರ್ಜ್ ಖಲೀಫಾ. 2010ರ ಜನವರಿ 4ರಂದು ತೆರೆದ, 828 ಮೀಟರ್ ಎತ್ತರದ ಈ ಗೋಪುರವನ್ನು ಕಟ್ಟುವಾಗ ಬೇಸಿಗೆಯಲ್ಲಿ ಕಾಂಕ್ರೀಟನ್ನು ರಾತ್ರಿಯ ಹೊತ್ತು ಮಂಜುಗಡ್ಡೆ ಬೆರೆಸಿ ಹಾಕಿದರು. ಸಿಮೆಂಟು ನೀರಿನೊಡನೆ ಸೇರುವಾಗ ತಾನೇ ಶಾಖ ಬಿಡುತ್ತದೆ. ಮೇಲೆ ಬಿಸಿಲೂ ಸೇರಿದರೆ ಬೇಗನೆ ಗಟ್ಟಿಯಾಗಿ ಬಿರುಕು ಬಿಡುವ ಭಯ.

124ನೆಯ ಅಂತಸ್ತಿನ ವೀಕ್ಷಣಾಲಯ ಇರುವುದು 452 ಮೀಟರ್ ಎತ್ತರದಲ್ಲಿ. ಎತ್ತರದ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರುಗಳಲ್ಲಿ ಸಿಗುತ್ತದೆ: ಸುಮಾರು 76. ದೂಳು ಅಷ್ಟು ದೂರ ನೋಡಗೊಡುವುದು ಅಪರೂಪ, ಆ ಮಾತು ಬೇರೆ. ದಿಗಂತ ಕೆಳಗಿಳಿದಂತೆ ಸೂರ್ಯಾಸ್ತವೂ ತಡವಾಗುತ್ತದೆ. ಆದ್ದರಿಂದಲೇ 80ನೆಯ ಅಂತಸ್ತಿನ ಮೇಲಿರುವವರು ರಂಜಾನ್ ಉಪವಾಸವನ್ನು ಎರಡು ನಿಮಿಷ, 150ರ ಮೇಲಿರುವವರು ಮೂರು ನಿಮಿಷ ತಡವಾಗಿ ಬಿಡಬೇಕೆಂದು 2011ರಲ್ಲಿ ಧರ್ಮಗುರುಗಳು ತಿಳಿಸಿದರು. ಭೂಮಿ ಗುಂಡಗಿದೆ ಎಂಬುದಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆ ಯಾವ ಪಠ್ಯದಲ್ಲಿದೆ?

ಮಧ್ಯಾಹ್ನದ ಬಿಸಿಲಿಗೆ ಎಲ್ಲರೂ ಓಡುವುದು ಮಾಲ್‌ಗಳಿಗೆ. ಒಂದು ಮಾಲಿನೊಳಗೆ 2005ರಿಂದ ಸ್ಕೀಯಿಂಗ್ ಮಾಡಲು ಹಿಮದ ಗುಡ್ಡವೇ ಇದೆ. ಒಳಗೆ ಶೂನ್ಯಕ್ಕಿಂತ ಕೆಳಗಿನ ಚಳಿ, ಗೋಡೆಯಾಚೆ 40 ಡಿಗ್ರಿ. ಬಾಡಿಗೆಯ ಕೋಟು ತೊಟ್ಟ ಮಕ್ಕಳಿಗೆ ಹಬ್ಬ. ಆದರೆ ಶಾಖ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ಕೋಣೆಗಳಿಂದ ಹೊರದೂಡಿದ ಶಾಖವೂ ಅದನ್ನು ದೂಡಿದ ಯಂತ್ರಗಳ ಶಾಖವೂ ಬೀದಿಗೇ ಬಂದು ಬೀಳುತ್ತವೆ. ಬೀದಿಯಲ್ಲಿ ಯಾರೂ ಇಲ್ಲವೇ? ಇದ್ದಾರೆ.

ಒಂದು ದಿರ್ಹಮಿನ ದೋಣಿ

ಎರಡನೆಯ ದಿನದ ಬೆಳಗನ್ನು ಹಳೆಯ ದುಬೈಗೆ ಮೀಸಲಿಡುವುದು ಲೇಸು. ಅಲ್ ಫಹೀದಿಯ ಓಣಿಗಳಲ್ಲಿ ಪರ್ಷಿಯಾದಿಂದ ಬಂದ ವರ್ತಕರು ಕಟ್ಟಿಸಿದ ಮನೆಗಳಿವೆ. ಹಲವು ಮನೆಗಳ ನೆತ್ತಿಯ ಮೇಲೆ ಚೌಕಾಕಾರದ ಗಾಳಿಗೋಪುರ. ಯಾವ ದಿಕ್ಕಿನಿಂದ ಗಾಳಿ ಬೀಸಿದರೂ ಹಿಡಿದು ಕೋಣೆಗಿಳಿಸುತ್ತದೆ. ಒಳಗಿನ ಬಿಸಿಗಾಳಿಯನ್ನು ಇನ್ನೊಂದು ಬದಿಯಿಂದ ಮೇಲಕ್ಕೆ ಕಳಿಸುತ್ತದೆ. ಒಂದು ಯೂನಿಟ್ ವಿದ್ಯುತ್ತೂ ಬೇಡ.

ಪಕ್ಕದಲ್ಲೇ ಖೋರ್, ಅಂದರೆ ಕಡಲ ಹಿನ್ನೀರು. ಇಲ್ಲಿಂದಲೇ ಮುತ್ತುಗಳು ಮುಂಬಯಿಯ ಪೇಟೆಗೆ ಹೋಗುತ್ತಿದ್ದವು. 1930ರ ದಶಕದಲ್ಲಿ ಜಗತ್ತಿನ ಆರ್ಥಿಕ ಕುಸಿತವೂ ಜಪಾನಿನ ಸಾಕುಮುತ್ತೂ ಒಟ್ಟಿಗೆ ಬಂದು ಆ ವ್ಯಾಪಾರ ಮುಳುಗಿತು. ಭಾರತದೊಡನೆ ನಂಟು ಎಷ್ಟಿತ್ತೆಂದರೆ 1966ರವರೆಗೆ ಇಲ್ಲಿ ನಡೆಯುತ್ತಿದ್ದುದು ರೂಪಾಯಿಯೇ. 1959ರಿಂದ ಗಲ್ಫಿಗೆಂದೇ ರಿಸರ್ವ್ ಬ್ಯಾಂಕು ಬೇರೆ ನೋಟು ಹೊರಡಿಸಿತ್ತು. ಅದೇ 1966ರಲ್ಲಿ ತೈಲ ಸಿಕ್ಕಿತು. ಇಂದು ದುಬೈನ ಆದಾಯದಲ್ಲಿ ತೈಲದ ಪಾಲು ತೀರಾ ಕಡಿಮೆ. ಬಂದರು, ವಿಮಾನ, ವ್ಯಾಪಾರ, ಪ್ರವಾಸಿಗಳೇ ಅದರ ಬಂಡವಾಳ.

ಖೋರ್ ದಾಟಲು ಆಬ್ರಾ ಎಂಬ ಮರದ ದೋಣಿಗಳಿವೆ. ಒಂದು ದಿರ್ಹಮ್ ಕೊಟ್ಟರೆ ಆಚೆ ದಡದ ಚಿನ್ನದ ಪೇಟೆ. ಈ ದೋಣಿಗೆ ಹವಾನಿಯಂತ್ರಣವಿಲ್ಲ. ಪ್ರವಾಸಿಯ ಪಕ್ಕದಲ್ಲಿ ಕೂತವನು ಕೆಲಸಕ್ಕೆ ಹೊರಟ ಕೂಲಿಯವನು: ಕೇರಳದವನೋ, ಬಿಹಾರದವನೋ, ಬಾಂಗ್ಲಾದೇಶದವನೋ, ನಮ್ಮ ಕರಾವಳಿಯವನೋ. ಈ ಊರಿನ ಹತ್ತು ಜನರಲ್ಲಿ ಒಂಬತ್ತು ಮಂದಿ ಹೊರದೇಶದವರು. ಮಂಗಳೂರು, ಉಡುಪಿ, ಭಟ್ಕಳ ಕಡೆಯ ಎಷ್ಟೋ ಮನೆಗಳಿಗೆ ತಾರಸಿ ಬಂದದ್ದು, ಎಷ್ಟೋ ಮಕ್ಕಳ ಕಾಲೇಜು ಫೀಸು ಕಟ್ಟಿದ್ದು ಇಲ್ಲಿನ ದುಡಿಮೆಯಿಂದ. ಕರಾಮಾದ ಉಡುಪಿ ಮಾದರಿಯ ಹೋಟೆಲಿನಲ್ಲಿ ದೋಸೆಯ ಜೊತೆ ಕನ್ನಡ, ತುಳು ಮಾತು ಕಿವಿಗೆ ಬಿದ್ದರೆ ಆಶ್ಚರ್ಯವಿಲ್ಲ.

ಬೆವರಿನ ಲೆಕ್ಕ

ಈಗ ಆ ಎರಡು ಅಂಕದ ಪ್ರಶ್ನೆಗೆ ಮರಳಬಹುದು. ಮೈಮೇಲಿನ ಒಂದು ಗ್ರಾಂ ಬೆವರು ಆರುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ದೇಹದಿಂದ ಒಯ್ಯುತ್ತದೆ. ಹೊರಗಿನ ಗಾಳಿ ಮೈಗಿಂತ ಬಿಸಿಯಾಗಿರುವಾಗ ಮನುಷ್ಯನಿಗಿರುವ ರಕ್ಷಣೆ ಇದೊಂದೇ. ಆದರೆ ಗಾಳಿಯಲ್ಲಿ ಆವಿ ತುಂಬಿದ್ದರೆ ಬೆವರು ಆರುವುದಿಲ್ಲ, ಸುಮ್ಮನೆ ಇಳಿಯುತ್ತದೆ. ಇಳಿದ ಬೆವರು ತಂಪು ಕೊಡುವುದಿಲ್ಲ. ದೇಹದ ಉಷ್ಣತೆ ಏರುತ್ತದೆ, ತಲೆ ಸುತ್ತುತ್ತದೆ, ಗಮನಿಸದಿದ್ದರೆ ಪ್ರಾಣಕ್ಕೇ ಕುತ್ತು. ಪ್ರವಾಸಿಯ ಕನ್ನಡಕವನ್ನು ಮಬ್ಬಾಗಿಸಿದ ಅದೇ ಆವಿ ಕಟ್ಟಡದ ಸಾರುವೆಯ ಮೇಲೆ ನಿಂತವನ ಬೆವರನ್ನು ಆರಗೊಡುವುದಿಲ್ಲ.

ಇದನ್ನರಿತೇ 2005ರಿಂದ ಬೇಸಿಗೆಯ ನಡುಹಗಲಿನಲ್ಲಿ ಬಯಲಿನ ಕೆಲಸವನ್ನು ಅಲ್ಲಿನ ಸರ್ಕಾರ ನಿಷೇಧಿಸಿದೆ. ಈಗಿನ ನಿಯಮದಂತೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿಗೆ ಇಳಿಯುವಂತಿಲ್ಲ. ಒಳ್ಳೆಯ ನಿಯಮವೇ. ಆದರೆ ರಾತ್ರಿ ಹತ್ತರಲ್ಲೂ ಕನ್ನಡಕ ಮಂಜಾಗುವ ಊರಿನಲ್ಲಿ ಉಳಿದ ಗಂಟೆಗಳೂ ಹಗುರವಲ್ಲ.

ಇಷ್ಟೆಲ್ಲ ಬುದ್ಧಿ, ಹಣ ಸುರಿದರೂ ನೀರು ಈ ಊರನ್ನು ಒಮ್ಮೆ ಬೇಸ್ತು ಬೀಳಿಸಿತು. 2024ರ ಏಪ್ರಿಲ್ 16ರಂದು, ದಾಖಲೆ ಶುರುವಾದ 1949ರಿಂದೀಚೆಗೆ ಕಂಡರಿಯದ ಮಳೆ ಆ ದೇಶದ ಮೇಲೆ ಸುರಿಯಿತು. ವಿಮಾನ ನಿಲ್ದಾಣ ಜಲಾವೃತವಾಯಿತು. ತುಸು ಹೊತ್ತು ಇಳಿದವರು ದಿನಗಟ್ಟಲೆ ಸಿಕ್ಕಿಬಿದ್ದರು. ಮಳೆಯೇ ಬಾರದೆಂದು ನಂಬಿ ಬೆಳೆದ ಊರಿಗೆ ಚರಂಡಿಯ ನೆನಪು ಆಗ ಬಂತು.

ದುಬೈಗೆ ಹೋಗಬಾರದೆಂದಲ್ಲ, ಹೋಗಬೇಕು. ಬರಡು ದಡದಲ್ಲಿ ಮನುಷ್ಯ ಏನೆಲ್ಲ ಮಾಡಬಲ್ಲ ಎಂಬುದನ್ನು ಮಕ್ಕಳು ನೋಡಬೇಕು. ಅದಕ್ಕೆ ಬೆಲೆ ತೆತ್ತವರನ್ನೂ ನೋಡಬೇಕು. ಮುಂಜಾವಿನ ವಿಮಾನ ಮೇಲೇರುವಾಗ ಮಕ್ಕಳು ಕಿಟಕಿಗೆ ಮುಖವಿಟ್ಟು ಕಡಲೊಳಗಿನ ಖರ್ಜೂರದ ಮರದಾಕಾರದ ದ್ವೀಪ ಹುಡುಕುತ್ತಾರೆ. ತಂದೆತಾಯಿ ಇನ್ನೂ ಸ್ವಲ್ಪ ಆಚೆ, ಜೆಬೆಲ್ ಅಲಿಯ ಹೊಗೆಕೊಳವೆಗಳ ಕಡೆಗೂ ಬೆರಳು ತೋರಿಸಲಿ. ಆ ಹೊತ್ತಿಗೆ ಅಲ್ಲಿ ಮುಂದಿನ ಪ್ರವಾಸಿಯ ಸ್ನಾನದ ನೀರು ತಯಾರಾಗುತ್ತಿರುತ್ತದೆ. ಕೆಲಸಗಾರರ ಬಸ್ಸುಗಳೂ ಹೊರಟಿರುತ್ತವೆ.