ಧರ್ಮಪುರಿ ಸೀಮೆಯ ಒಂದು ಹಿತ್ತಿಲು

ಬೆಂಗಳೂರಿನಿಂದ ಸೇಲಮಿಗೆ ಹೋಗುವ ರೈಲು ಹೊಸೂರನ್ನು ದಾಟಿ ರಾಯಕೋಟೆಯ ಬಂಡೆಗುಡ್ಡಗಳ ಕಡೆಗೆ ತಿರುಗಿದಂತೆ ಡಬ್ಬಿಯೊಳಗಿನ ಮಾತು ಮೆಲ್ಲಮೆಲ್ಲನೆ ತಮಿಳಾಗುತ್ತದೆ. ಆದರೂ ಕನ್ನಡ ಪೂರ್ತಿಯಾಗಿ ಇಳಿದುಹೋಗುವುದಿಲ್ಲ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಒಂಬತ್ತನೆಯ ಶತಮಾನದಲ್ಲಿ ಆಳಿದ ನೊಳಂಬ ಮಹೇಂದ್ರನ ಕನ್ನಡ ಶಾಸನ ದೊರೆತಿರುವುದು ಈ ಊರಿನಲ್ಲಿಯೇ. 1965ರಲ್ಲಿ ಸೇಲಮಿನಿಂದ ಬೇರೆಯಾಗಿ ಇದು ಜಿಲ್ಲೆಯಾಯಿತು. 2004ರಲ್ಲಿ ಇದರಿಂದ ಕೃಷ್ಣಗಿರಿ ಬೇರೆಯಾಯಿತು. ಗಡಿಗಳು ಹೀಗೆ ಸರಿದಾಡಿದರೂ ಹಿತ್ತಿಲಿನ ಅವರೆ ಚಪ್ಪರ ಮಾತ್ರ ಇದ್ದಲ್ಲಿಯೇ ಇದೆ.

ಈ ಸೀಮೆಗೆ ಹಿಂಗಾರು ಮಳೆಯ ಪಾಲು ದೊಡ್ಡದು. ಮಾರ್ಗಶಿರದ ಚಳಿ ಮೂಡುವ ವೇಳೆಗೆ ನೆಲದ ತೇವ ಇನ್ನೂ ಆರಿರುವುದಿಲ್ಲ. ಹಿತ್ತಿಲುಗಳು ಎಳೆ ಹಸಿರಿನಿಂದ ತುಂಬಿರುತ್ತವೆ. ಪಾಲಕ್ಕೋಡಿನ ಆಚೆಗೆ ಒಂದು ಹಳ್ಳಿಯಲ್ಲಿ ನಮ್ಮ ಸೋದರತ್ತೆಯವರ ಮನೆ. ಅಲ್ಲಿ ಅವರೆ, ಸೇವಂತಿಗೆ, ಎಲೆಕೋಸು, ಸಾಲಾಗಿ ನೆಟ್ಟ ಪರಂಗಿ ಸಸಿಗಳು. ನಾವು ಹೋದಾಗ ಆ ಸಸಿಗಳಲ್ಲಿ ಅರ್ಧದಷ್ಟಕ್ಕೆ ಬರಿಯ ದಂಟು ಉಳಿದಿತ್ತು.

"ಮೊಲವೇ ಬರುತ್ತಿರಬೇಕು ಮಗಾ. ಇಲ್ಲವೆ ನವಿಲು. ರಾತ್ರಿ ಇದ್ದದ್ದು ಬೆಳಿಗ್ಗೆ ಇಲ್ಲ" ಎಂದರು ಅತ್ತೆ. ನೆರೆಮನೆಯವರೊಬ್ಬರು ಅನುಕಂಪದಿಂದಲೇ ವಿಷ ಬೆರೆಸಿದ ಕಾಳನ್ನು ತಂದುಕೊಟ್ಟಿದ್ದರು. ಅಂದು ಸಂಜೆ ಎರಚುವುದೆಂದು ನಿಶ್ಚಯವಾಗಿತ್ತು. ನವಿಲನ್ನು ಕೊಲ್ಲುವುದು 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ. ಅದಿರಲಿ, ಮನೆಯ ಕೋಳಿಗಳು ಓಡಾಡುವುದೂ, ಅತ್ತೆಯವರ ಎರಡು ವರ್ಷದ ಮೊಮ್ಮಗು ಮಣ್ಣಿನಲ್ಲಿ ಆಡುವುದೂ ಅದೇ ಪಾತಿಗಳ ನಡುವೆ. ಒಂದು ರಾತ್ರಿ ತಡೆಯಿರೆಂದು ನಾವು ಬೇಡಿಕೊಂಡೆವು.

ತಿಂದವರ ಗುರುತು ತಿಂದ ಜಾಗದಲ್ಲಿಯೇ ಇರುತ್ತದೆ. ಮೊಲಕ್ಕೆ ಮೇಲೆ ಕೆಳಗೆ ಎರಡೂ ಕಡೆ ಚೂಪಾದ ಬಾಚಿಹಲ್ಲುಗಳಿರುವುದರಿಂದ ಅದು ಕಡಿದ ದಂಟು ಕುಡುಗೋಲಿನಿಂದ ಓರೆಯಾಗಿ ಕೊಯ್ದಂತೆ ಕಾಣುತ್ತದೆ. ಆಡು ದನಗಳಿಗೆ ಮೇಲಿನ ಮುಂಬಲ್ಲುಗಳೇ ಇಲ್ಲ. ಅವು ಸೊಪ್ಪನ್ನು ಎಳೆದು ಹರಿಯುವುದರಿಂದ ತುದಿ ನಾರುನಾರಾಗಿ ಉಳಿಯುತ್ತದೆ. ನವಿಲು ಬಂದುಹೋದಲ್ಲಿ ಒದ್ದೆ ಮಣ್ಣಿನ ಮೇಲೆ ಮೂರು ಬೆರಳಿನ ಹೆಜ್ಜೆ ಅಚ್ಚೊತ್ತಿರಬೇಕು. ಎಳೆಯ ಸಸಿ ಬುಡದಲ್ಲಿ ತುಂಡಾಗಿ ಪಕ್ಕಕ್ಕೆ ಬಿದ್ದಿದ್ದರೆ ಅಲ್ಲಿಯೇ ಒಂದಂಗುಲ ಕೆದಕಬೇಕು. ಸುರುಳಿ ಸುತ್ತಿಕೊಂಡ ಕಂದು ಹುಳು ಸಿಕ್ಕೀತು. ನಾವು ಕಂಡ ಪಾತಿಗಳಲ್ಲಿ ಇದಾವುದೂ ಇರಲಿಲ್ಲ. ಎಲೆಗಳಲ್ಲಿ ಆಕಾರವಿಲ್ಲದ ತೂತುಗಳು, ಎಳೆಯ ಕಾಂಡದ ಸಿಪ್ಪೆಯನ್ನು ಅರದಿಂದ ಉಜ್ಜಿ ತೆಗೆದಂಥ ಗಾಯ, ಕಲ್ಲಿನ ಮೇಲೆ ಒಣಗಿದ ಬೆಳ್ಳಿಯ ಗೆರೆ. ಎಲ್ಲಕ್ಕಿಂತ ವಿಚಿತ್ರವಾದದ್ದು ಹಿತ್ತಿಲ ಗೋಡೆ. ದೀಪಾವಳಿಗೆ ಬಳಿದ ಸುಣ್ಣ ಮೊಳದೆತ್ತರದವರೆಗೆ ಅಲ್ಲಲ್ಲಿ ಕೆರೆದುಹೋಗಿತ್ತು. ಯಾವ ಮೊಲವೂ ಸುಣ್ಣ ತಿನ್ನುವುದಿಲ್ಲವಷ್ಟೆ.

ರಾತ್ರಿ ಒಂಬತ್ತಕ್ಕೆ ಬ್ಯಾಟರಿ ಹಿಡಿದು ಹೊರಟೆವು. ತೆಂಗಿನ ಮಟ್ಟೆಯ ರಾಶಿಯಿಂದ ಪರಂಗಿಯ ಸಾಲಿನವರೆಗೆ ಮೆರವಣಿಗೆಯೇ ಹೊರಟಿತ್ತು. ಅಂಗೈಯುದ್ದದ, ಕಂದು ಪಟ್ಟೆಯ ಚಿಪ್ಪು ಹೊತ್ತ ಆಫ್ರಿಕದ ದೊಡ್ಡ ಬಸವನಹುಳುಗಳು! ಅವುಗಳ ನಾಲಗೆಯ ಮೇಲೆ ಸಾವಿರಾರು ಸೂಕ್ಷ್ಮ ಹಲ್ಲುಗಳಿವೆ. ಅದು ಅರವೇ ಸರಿ. ಚಿಪ್ಪು ಬೆಳೆಯಲು ಸುಣ್ಣ ಬೇಕಾದ್ದರಿಂದ ಗೋಡೆಯನ್ನೂ ಬಿಡವು. ಪೂರ್ವ ಆಫ್ರಿಕದ ಈ ಜೀವಿಯನ್ನು ಮಾರಿಷಸ್ ದ್ವೀಪದಿಂದ 1847ರಲ್ಲಿ ಕಲ್ಕತ್ತೆಗೆ ತಂದವನು ವಿಲಿಯಂ ಬೆನ್ಸನ್ ಎಂಬ ಚಿಪ್ಪುಗಳ ಶೋಧಕ. ಅಲ್ಲಿನ ತೋಟವೊಂದರಲ್ಲಿ ಬಿಟ್ಟದ್ದೇ ತಡ, ಮಣ್ಣಿನೊಡನೆ, ಸಸಿಯೊಡನೆ, ಸರಕಿನೊಡನೆ ದೇಶವನ್ನೆಲ್ಲ ಸುತ್ತತೊಡಗಿತು. ವಿದ್ವಾಂಸರ ಕುತೂಹಲಕ್ಕೆ ರೈತರು ತೆರುವ ತೆರಿಗೆಯೆಂದರೆ ಇದು! ಅತ್ತೆಯವರ ಹಿತ್ತಿಲಿಗೂ ಅದು ಪರಂಗಿ ಸಸಿಯ ಮಣ್ಣಿನ ಲಕೋಟೆಯಲ್ಲಿಯೇ ಬಂದಿರಬೇಕೆಂದು ನಮ್ಮ ಊಹೆ.

ವಿಷದ ಕಾಳು ನೆರೆಮನೆಗೆ ಹಿಂದಿರುಗಿತು. ಗೋಣಿಚೀಲಗಳನ್ನು ನೆನೆಸಿ, ಒಳಗೆ ಕೋಸಿನ ಎಲೆ, ಪರಂಗಿಯ ದಂಟು ಹಾಕಿ, ಸಂಜೆ ಅಲ್ಲಲ್ಲಿ ಹಾಸಿಟ್ಟೆವು. ಬೆಳಕು ಹರಿಯುವ ಮುನ್ನ ಅವುಗಳ ಅಡಿಯಲ್ಲಿ ಸೇರಿದ್ದನ್ನೆಲ್ಲ ಇಕ್ಕಳದಿಂದ ಎತ್ತಿ ಗಟ್ಟಿಯಾದ ಉಪ್ಪುನೀರಿನ ಬಕೆಟ್ಟಿಗೆ ಹಾಕುವುದು, ಆಮೇಲೆ ಗುಂಡಿ ತೋಡಿ ಹೂಳುವುದು. ಬರಿಗೈಯಲ್ಲಿ ಮುಟ್ಟಲಾಗದು; ಮಿದುಳಿನ ಪೊರೆಗೆ ಉರಿಯೂತ ತರುವ ಒಂದು ಬಗೆಯ ಹುಳು ಇದರ ಮೈಯಲ್ಲಿರಬಹುದು. ಸೊಪ್ಪನ್ನೂ ಚೆನ್ನಾಗಿ ತೊಳೆದೇ ಬಳಸಬೇಕು. ಈ ಕೆಲಸಕ್ಕೆ ಚಳಿಗಾಲವೇ ತಕ್ಕ ಸಮಯ. ಬೇಸಗೆ ಬಂತೆಂದರೆ ಹುಳುಗಳು ಮಣ್ಣಿನೊಳಗೆ ಇಳಿದು, ಚಿಪ್ಪಿನ ಬಾಯಿಗೆ ಪೊರೆ ಕಟ್ಟಿಕೊಂಡು ಮುಂದಿನ ಮಳೆಯವರೆಗೆ ಮಲಗಿಬಿಡುತ್ತವೆ.

ಒಂದು ತೊಡಕು ಮಾತ್ರ ಉಳಿಯಿತು. ತಮಿಳರಿಗೆ ಇದು ನತ್ತೈ. ನಮಗಾದರೋ ಎರಡು ಕೋಡಿನ ಬಸವ. "ಬಸವನ ಹೆಸರು ಹೊತ್ತದ್ದನ್ನು ನಾನು ಉಪ್ಪಿಗೆ ಹಾಕಲಾರೆ" ಎಂದರು ಅತ್ತೆ. ಆರಿಸಿ ಕೊಡುವುದು ಅವರ ಪಾಲು, ಬಕೆಟ್ಟು ಮಾವನವರ ಪಾಲು ಎಂದು ಒಪ್ಪಂದವಾಯಿತು. ಮೊದಲ ದಿನ ಅರವತ್ಮೂರು, ಮರುದಿನ ನಲವತ್ತು, ನಾವು ಹೊರಡುವ ದಿನ ಹದಿನೇಳು.

ಆಮೇಲೆ ಅತ್ತೆಯವರ ಕಾಗದ ಬಂದಿತು. ಮಟ್ಟೆಯ ರಾಶಿಯನ್ನು ತೆಗೆಸಿದಾಗ ಅದರ ಅಡಿಯ ಮಣ್ಣಿನಲ್ಲಿ ಹಿಡಿ ತುಂಬ ಮೊಟ್ಟೆ ಸಿಕ್ಕಿತಂತೆ. ಯಾರೋ ಸೇಲಮಿನ ಸಬ್ಬಕ್ಕಿಯನ್ನು ಚೆಲ್ಲಿದ್ದಾರೆಂದು ಮಾವನವರು ಮೊದಲು ರೇಗಿದರಂತೆ.