ಪುತ್ತೂರು ಸೀಮೆಯ ತುಳು ಸಭೆ

ಪುತ್ತೂರಿಗೆ ಹೋದವರೆಲ್ಲ ಮಹಾಲಿಂಗೇಶ್ವರನಿಗೆ ಕೈಮುಗಿದು, ಪೇಟೆಯಲ್ಲಿ ಜವಳಿ ಕೊಂಡು ಸುಳ್ಯದ ಬಸ್ಸೋ ಕಡಬದ ಬಸ್ಸೋ ಹಿಡಿದುಬಿಡುತ್ತೇವೆ. ಮುಂದಿನ ಸಲ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಇಲ್ಲಿಯ ಮಾಯಿ ದೆ ದೇವುಸ್ ಚರ್ಚು ಕೆಥೊಲಿಕರದು, ಪ್ರಾಟೆಸ್ಟಂಟರದು ಸಿ.ಎಸ್.ಐ. ಸುದಾನ ದೇವಾಲಯ. ಎರಡರ ಕಥೆಯೂ ಬೇರೆ ಬೇರೆ. ನಾನು ಹೇಳಹೊರಟದ್ದು ಎರಡನೆಯದರ ಹಿಂದಿನ ಕಥೆ.

ಇದರ ಬೇರು ಬಾಸೆಲ್ ಮಿಶನ್. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಮನೆಮನೆಯಲ್ಲಿ ಆಡುವ ಮಾತು ತುಳು ಎಂದು ಕಂಡು ಮಿಶನ್ನಿನವರು ಅದನ್ನೂ ಕಲಿತರು. 1847ರ ಹೊತ್ತಿಗೆ ಬೈಬಲಿನ ಹೊಸ ಒಡಂಬಡಿಕೆ ತುಳುವಿನಲ್ಲಿ, ಕನ್ನಡ ಅಕ್ಷರದಲ್ಲಿ ಅಚ್ಚಾಯಿತು. ಮೆನ್ನರ್ ಪಾದ್ರಿಯ ತುಳು ನಿಘಂಟು ಬಂದದ್ದು 1886ರಲ್ಲಿ. ನಮ್ಮ ಅಜ್ಜಿಯಂದಿರ ಅಡಿಗೆಮನೆಯ ಮಾತೂ ಪುಸ್ತಕದಲ್ಲಿ ಉಳಿಯಿತು ನೋಡಿ!

ಆದರೆ ಸಭೆಗೆ ಸೇರುವುದು ಸುಲಭವಿರಲಿಲ್ಲ. ದೀಕ್ಷಾಸ್ನಾನ ಪಡೆದವರಿಗೆ ಕುಟುಂಬದ ಬಾಗಿಲು ಮುಚ್ಚುತ್ತಿತ್ತು. ಗೇಣಿಯ ಗದ್ದೆ ತಪ್ಪುವುದೂ ಇತ್ತು. ಗಂಡನ ಹಿಂದೆ ಮಕ್ಕಳನ್ನು ಕಟ್ಟಿಕೊಂಡು ಹೊರಟ ಹೆಂಗಸಿನ ಪಾಡು ಏನಾಗಿರಬೇಕು, ನೀವೇ ಹೇಳಿ. ತವರಿನ ಬಾಣಂತನವಿಲ್ಲ, ಹಬ್ಬಕ್ಕೆ ಕರೆಯುವವರಿಲ್ಲ. ನಂಬಿಕೆ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಆ ತಾಯಂದಿರ ಗಟ್ಟಿತನ ಮಾತ್ರ ದೊಡ್ಡದು. ಹೊಟ್ಟೆಗೆ ದಾರಿಯಾಗಲೆಂದೇ ಮಿಶನ್ನಿನವರು ಮಗ್ಗ ಹಾಕಿದರು, 1841ರಲ್ಲಿ ಅಚ್ಚುಕೂಟ ತೆರೆದರು, 1865ರಲ್ಲಿ ಹಂಚಿನ ಕಾರ್ಖಾನೆ ಕಟ್ಟಿದರು. ಮಂಗಳೂರು ಹಂಚು ಹುಟ್ಟಿದ್ದು ಹೀಗೆ. ಹೆಣ್ಣುಮಕ್ಕಳಿಗೆ ಶಾಲೆಯನ್ನೂ ನಡೆಸಿದರು.

1914ರಲ್ಲಿ ಮಹಾಯುದ್ಧ ಬಂತು. ಪಾದ್ರಿಗಳಲ್ಲಿ ಹೆಚ್ಚಿನವರು ಜರ್ಮನರಾದ್ದರಿಂದ ಬ್ರಿಟಿಷ್ ಸರಕಾರ ಅವರನ್ನು ಹಿಡಿದಿಟ್ಟಿತು, ಕಾರ್ಖಾನೆಗಳೂ ಕೈತಪ್ಪಿದವು. ಇನ್ನು ಸಭೆ ಮುಗಿಯಿತು ಎಂದುಕೊಂಡವರಿದ್ದರೆ ಅವರ ಎಣಿಕೆ ತಪ್ಪಾಯಿತು. ಊರಿನ ಸಭಾಪಾಲಕರು, ಹಿರಿಯರು, ಹೆಂಗಸರು ಸೇರಿ ನಡೆಸಿಕೊಂಡು ಹೋದರು. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿತು. ಮುಂದೆ ಇಲ್ಲಿಯ ಸಭೆಗಳೂ ಅದರಲ್ಲಿ ಒಂದಾದವು.

ಕಡಬದ ಕಡೆ ಹೋದರೆ ಕೇರಳದಿಂದ ಕೃಷಿಗೆ ಬಂದು ನೆಲೆಸಿದವರ ಮಲಯಾಳದ ಚರ್ಚುಗಳೂ ಸಿಗುತ್ತವೆ. ಅವುಗಳ ಚರಿತ್ರೆ ಬೇರೆ, ಇದರಲ್ಲಿ ಬೆರೆಸಬೇಡಿ.

ಒಂದು ಮಾತು ಕೇಳುತ್ತೇನೆ. ನಿಮ್ಮಲ್ಲಿ ಹಳೆಯ ಮನೆ ಬಿಚ್ಚುವುದಿದ್ದರೆ, ಹಂಚಿನ ಬೆನ್ನು ತಿರುಗಿಸಿ ನೋಡಿ. ಬಾಸೆಲ್ ಮಿಶನ್ನಿನ ಮುದ್ರೆ ಕಂಡರೆ ಒಂದನ್ನಾದರೂ ಎತ್ತಿಡಿ. ಮನೆ ಬಿಟ್ಟು ಬಂದವರು ಊರವರ ಮನೆಗಳಿಗೆಲ್ಲ ಮಾಡು ಮಾಡಿಕೊಟ್ಟ ಕಥೆಯನ್ನು ಮಕ್ಕಳಿಗೆ ಹೇಳುವಾಗ ಅದು ಕೈಗೆ ಸಿಗಲಿ.